ಈರಜ್ಜಿಯ ಕಡತ

1974ರ ಬೇಸಿಗೆ. ನನಗಾಗ ಇಪ್ಪತ್ಮೂರು ವರ್ಷ. ಬಿ.ಎ. ಮುಗಿಸಿ, ಗ್ರಂಥಾಲಯದ ಒಂದು ಕೋರ್ಸು ಮಾಡಿಕೊಂಡು, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಸ್ತಪ್ರತಿ ವಿಭಾಗಕ್ಕೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿ ಎಂಟು ತಿಂಗಳಾಗಿತ್ತು. ಹೊಳಲ್ಕೆರೆಯಲ್ಲಿ ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮ ವಂಶದಲ್ಲಿ ಊರು ಬಿಟ್ಟು ಹೋಗಿ ಕೆಲಸಕ್ಕೆ ಸೇರಿದ ಮೊದಲನೇ ಹೆಣ್ಣುಮಗಳು ನಾನು. ಆ ಕೆಲಸ ಕಾಯಂ ಆಗಲಿ ಅಂತ ನಮ್ಮಮ್ಮ ಸೋಮವಾರ ಒಪ್ಪೊತ್ತು ಮಾಡುತ್ತಿದ್ದಳು.

ನಮ್ಮ ವಿಭಾಗದಲ್ಲಿ ಓಲೆಗರಿ, ಹಳೇ ಕಾಗದದ ಪುಸ್ತಕ, ಸನ್ನದು, ಮದುವೆ ಕರೆಯೋಲೆ, ನಾಟಕದ ಕರಪತ್ರ ಎಲ್ಲ ಇದ್ದವು. ಬೇಸಿಗೆಯಲ್ಲಿ ಹಳ್ಳಿ ಸುತ್ತಿ ಇನ್ನಷ್ಟು ಸಂಗ್ರಹಿಸುವುದು ರೂಢಿ. ಆ ವರ್ಷ ಚಿತ್ರದುರ್ಗ ಜಿಲ್ಲೆ ಎಂದು ತೀರ್ಮಾನವಾಯಿತು. ಆ ಕಡೆಯ ಮಾತು ಬರುತ್ತದೆ ಎಂದು ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೊರಟರು. ಅವರ ಹೆಸರು ಇಲ್ಲಿ ಬೇಡ. ನಾವೆಲ್ಲ ಅವರನ್ನು ಸಾಹೇಬರು ಅನ್ನುತ್ತಿದ್ದೆವು. ಓದಿಕೊಂಡವರು, ಅದರಲ್ಲಿ ಎರಡು ಮಾತಿಲ್ಲ. ಓಲೆಗರಿಯ ಅಕ್ಷರ ನೋಡಿ ಇದು ಇಂಥ ಕಾಲದ್ದು ಎಂದು ನಿಂತ ನಿಲುವಿನಲ್ಲೇ ಹೇಳುತ್ತಿದ್ದರು. ಆದರೆ ತಮಗೆ ಗೊತ್ತಿಲ್ಲದ್ದೂ ಒಂದಿರಬಹುದು ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ದುರ್ಗದಲ್ಲಿ, ಹೊಸದುರ್ಗದಲ್ಲಿ ಕೆಲವು ಓಲೆಗರಿಯ ಕಟ್ಟುಗಳು ಸಿಕ್ಕವು. ಆಮೇಲೆ ಹಿರಿಯೂರಿಗೆ ಬಂದೆವು. ಆದಿವಾಲದ ಹೋಟೆಲಿನಲ್ಲಿ ಟೀ ಕುಡಿಯುವಾಗ ಒಬ್ಬರು, "ಕುರಿ ಹಟ್ಟಿ ಈರಜ್ಜಿ ತಾವ ಒಂದು ಕರೇ ಕಡತ ಐತೆ ನೋಡ್ರಿ. ಆದ್ರೆ ಆಕಿ ಯಾರಿಗೂ ಮುಟ್ಟಾಕೆ ಕೊಡಲ್ಲ" ಅಂದರು. ಸಾಹೇಬರು ಅರ್ಧ ಟೀ ಬಿಟ್ಟು ಎದ್ದರು.

ಹಟ್ಟಿ ಅಲ್ಲಿಂದ ಎರಡು ಮೈಲಿ. ಜೀಪು ಹೋಗುವ ದಾರಿ ಇರಲಿಲ್ಲ, ನಡೆದೆವು. ಈರಜ್ಜಿ ಕುರಿ ರೊಪ್ಪದ ಪಕ್ಕ ಜಾಲಿ ಮರದ ನೆರಳಲ್ಲಿ ಉಣ್ಣೆ ನೂಲುತ್ತಾ ಕೂತಿದ್ದಳು. ಎಪ್ಪತ್ತೈದು ದಾಟಿದ ಮುದುಕಿ, ಬೆನ್ನು ಮಾತ್ರ ನೆಟ್ಟಗಿತ್ತು. "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದಳು. ಮಗ ಕರಿಯಪ್ಪ ಮಜ್ಜಿಗೆ ತಂದುಕೊಟ್ಟ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಮಾತು ಕಡಿಮೆ.

ಕಡತ ನೋಡಬೇಕು ಎಂದಾಗ ಈರಜ್ಜಿ ನನ್ನ ಮುಖ ನೋಡಿದಳು. "ನೀನು ಯಾವೂರ ಮಗಳವ್ವ?"

"ಹೊಳಲ್ಕೆರೆ ಅಜ್ಜಿ. ಮೇಷ್ಟ್ರ ಮಗಳು, ಪಾರ್ವತಿ ಅಂತ."

"ನಮ್ಮ ಕಡೇಳೇ ಹಂಗಾರೆ" ಎಂದು ಎದ್ದು, ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ತಂದಳು.

ಕಡತ ನೋಡದವರಿಗಾಗಿ ಹೇಳುತ್ತೇನೆ. ಗಟ್ಟಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬೆರೆಸಿ ಹಚ್ಚಿ ಒಣಗಿಸಿ, ಸ್ಲೇಟಿನ ಹಾಗೆ ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಉದ್ದನೆ ಪುಸ್ತಕ ಅದು. ಅದರ ಮೇಲೆ ಬಳಪದಲ್ಲಿ ಬರೆಯುತ್ತಾರೆ. ಕಪ್ಪಿನ ಮೇಲೆ ಬಿಳಿ ಅಕ್ಷರ. ಈರಜ್ಜಿಯ ಕಡತದಲ್ಲಿ ಅಕ್ಷರ ಮುತ್ತಿನ ಹಾಗಿದ್ದವು. ಅಲ್ಲೊಂದು ಇಲ್ಲೊಂದು ಕಡೆ ಮಾಸಿದ್ದು ಬಿಟ್ಟರೆ ಎಲ್ಲವೂ ಸ್ಪಷ್ಟವಾಗಿತ್ತು.

"ಓದವ್ವ" ಅಂದಳು. ನಾನು ಓದಿದೆ.

"ಅಗಸೆಯಿಂದ ಒಳಗೆ ಬಲಗಡೆ ಮೊದಲನೆ ಮನೆ ದೊಡ್ಡಸಿದ್ದನದು. ಇವನ ತಂದೆ ಕರಿಯಣ್ಣ, ತಾಯಿ ಬೊಮ್ಮವ್ವ. ಬಾವಿಯ ತೆಂಕಲಿಗೆ ಮಣ್ಣಾಗಿದ್ದಾರೆ. ಎರಡನೆ ಮನೆ..."

ಹೀಗೆ ಮೂವತ್ತೆರಡು ಮನೆ. ಪ್ರತಿ ಮನೆಯಲ್ಲಿ ಇದ್ದವರು, ಸತ್ತವರು, ಸತ್ತವರನ್ನು ಹೂಳಿದ ಜಾಗ. ಹೆಸರಿಡುವ ಮೊದಲೇ ಹೋದ ಕೂಸುಗಳನ್ನೂ 'ಹಾಲುಗೂಸು ಒಂದು' ಎಂದು ಬರೆದಿತ್ತು. ಓದುತ್ತಾ ಹೋದಂತೆ ಈರಜ್ಜಿ ನಡುನಡುವೆ ಮಾತು ಸೇರಿಸುತ್ತಿದ್ದಳು. "ಬೊಮ್ಮವ್ವಗೆ ಒಂದು ಕಣ್ಣು ಕಾಣ್ತಿರಲಿಲ್ಲಂತೆ." "ಅವರ ಮನೆ ಮುಂದೆ ದೊಡ್ಡ ಬ್ಯಾಲದ ಮರ ಇತ್ತು ಕಣವ್ವ, ನಾವು ಹಣ್ಣು ಕದೀತಿದ್ವಿ."

ಕಡತದಲ್ಲಿದ್ದ ಆ ಊರು, ಈರಜ್ಜಿ ಹುಟ್ಟಿದೂರು, ಈಗ ಮಾರಿಕಣಿವೆ ಅಣೆಕಟ್ಟೆಯ ನೀರಿನಲ್ಲಿದೆ. ಕಟ್ಟೆ ಎದ್ದು ನೀರು ಏರುವ ಮುಂಚೆ, ಊರು ಬಿಡಬೇಕಾದ ವಾರ, ಈರಜ್ಜಿಯ ಅಪ್ಪ ಓದುಬರಹ ಬಲ್ಲ ಅಯ್ಯನೋರೊಬ್ಬರನ್ನು ಕರೆಸಿ, ಮನೆ ಮನೆಗೂ ಕರೆದೊಯ್ದು ಬರೆಸಿದ್ದನಂತೆ. ಎಂಟು ವರ್ಷದ ಈರಜ್ಜಿ ಅವರ ಹಿಂದೆ ಬಳಪದ ಡಬ್ಬಿ ಹಿಡಿದು ನಡೆದಿದ್ದಳು.

"ಊರು ಬಿಟ್ಟು ಬರಬೌದವ್ವ. ಮಣ್ಣಾದೋರನ್ನ ಹೊತ್ಕಂಡು ಬರಾಕೆ ಆಗ್ತದಾ? ಅದಕ್ಕೆ ನಮ್ಮಪ್ಪ ಹೆಸರು ಹೊತ್ಕಂಡು ಬಂದ" ಅಂದಳು.

ಪ್ರತಿ ವರ್ಷ ಮಾರ್ನಮಿ ಅಮಾಸೆ ದಿನ, ಹಿರೇರ ಹಬ್ಬಕ್ಕೆ, ಅವರ ಕಡೆಯವರೆಲ್ಲ ಗಾಡಿ ಕಟ್ಟಿಕೊಂಡು ಹಿನ್ನೀರಿನ ದಡಕ್ಕೆ ಹೋಗುತ್ತಾರೆ. ನೀರಿಗೆ ಮುಖ ಮಾಡಿ ಎಡೆ ಇಡುತ್ತಾರೆ. ಶಾಲೆ ಮೇಷ್ಟ್ರೊಬ್ಬರು ಕಡತ ಹಿಡಿದು ಒಂದೊಂದೇ ಹೆಸರು ಓದಿದಾಗ, ಒಂದೊಂದು ತುತ್ತು ನೀರಿಗೆ ಬಿಡುತ್ತಾರೆ. ಬೇರೆ ಎಲ್ಲೂ ಆ ಹೆಸರುಗಳಿರಲಿಲ್ಲ. ಈರಜ್ಜಿಗೆ ತಮ್ಮ ಮನೆಯವರದು, ಅಕ್ಕಪಕ್ಕದವರದು ಬಾಯಿಗೆ ಬರುತ್ತಿತ್ತು, ಅಷ್ಟೆ. ನಕಲು ಮಾಡಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಕಡತವೇ ಇತ್ತಲ್ಲ!

ಸಾಹೇಬರ ಕಣ್ಣು ಮಿನುಗುತ್ತಿತ್ತು. "ಅಜ್ಜಿ, ಇದು ಇಲ್ಲಿದ್ದರೆ ಗೆದ್ದಲು ತಿನ್ನುತ್ತೆ. ನಮ್ಮಲ್ಲಿ ಕಬ್ಬಿಣದ ಬೀರುವಿದೆ, ಔಷಧಿ ಇದೆ. ನೂರಾರು ವರ್ಷ ಇರುತ್ತೆ. ಕೊಡಿ" ಅಂದರು.

"ಕೊಡಬ್ಯಾಡವ್ವ" ಅಂದ ಕರಿಯಪ್ಪ. ಅವನು ಅಲ್ಲಿಯವರೆಗೆ ಆಡಿದ್ದು ಅದೊಂದೇ ಮಾತು.

ನಾನು ಸಾಹೇಬರಿಗೆ ಮೆಲ್ಲಗೆ, "ಸಾರ್, ಎರಡು ದಿನ ಇಲ್ಲೇ ಉಳಿದು ಬರೆದುಕೊಂಡು ಬಿಡ್ತೀನಿ" ಅಂದೆ. "ಜೀಪು ನಾಳೆ ವಾಪಸ್ ಹೋಗಬೇಕಮ್ಮ. ಅಲ್ಲಿ ಹೋಗಿ ಆರಾಮವಾಗಿ ಬರೀಬಹುದು" ಅಂದರು. ಹಟ ಹಿಡಿಯಬಹುದಿತ್ತು. ಹೊಳಲ್ಕೆರೆ ಅಲ್ಲಿಂದ ಎಷ್ಟು ದೂರ? ಬಸ್ಸಿನಲ್ಲಿ ನಾನೇ ವಾಪಸ್ ಹೋಗಬಹುದಿತ್ತು. ಹಿಡಿಯಲಿಲ್ಲ.

ಈರಜ್ಜಿ ಸಾಹೇಬರ ಕಡೆ ನೋಡಲೇ ಇಲ್ಲ. ನನ್ನನ್ನೇ ಕೇಳಿದಳು. "ನೀನು ಏನಂತೀಯವ್ವ?"

"ನಕಲು ಮಾಡ್ಕಂಡು ಅಮಾಸೆಗಿಂತ ಮುಂಚೆ ನಾನೇ ತಂದುಕೊಡ್ತೀನಿ ಅಜ್ಜಿ" ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಅವಳು ಕಡತವನ್ನು ಕಣ್ಣಿಗೊತ್ತಿಕೊಂಡು ನನ್ನ ಮಡಿಲಲ್ಲಿ ಇಟ್ಟಳು. ಸಾಹೇಬರ ಕೈಗೆ ಕೊಡಲಿಲ್ಲ. ಚೀಟಿ ಕೇಳಲಿಲ್ಲ, ನಾವೂ ಕೊಡಲಿಲ್ಲ.

ವಾಪಸ್ ಬಂದ ಮೇಲೆ ಕಡತಕ್ಕೆ ನಂಬರು ಬಿತ್ತು. ರಿಜಿಸ್ಟರಿನಲ್ಲಿ 'ದಾನ' ಎಂಬ ಅಂಕಣದಲ್ಲಿ ಸಾಹೇಬರೇ ಬರೆದರು. "ಸಾರ್, ವಾಪಸ್ ಕೊಡ್ತೀವಿ ಅಂದಿದ್ವಿ" ಎಂದಾಗ, "ಮೊದಲು ನಕಲಾಗಲಿ ತಾಳಮ್ಮ" ಅಂದರು. ನಕಲಿಗೆ ಕೂರಲು ನನಗೆ ಸಮಯ ಕೊಡಲಿಲ್ಲ. ಇಂದು ಪಟ್ಟಿ, ನಾಳೆ ಕಾರ್ಡು, ನಾಡಿದ್ದು ಇನ್ನೊಂದು. ಎರಡು ಸಲ ನೆನಪಿಸಿದೆ. ಮೂರನೆಯ ಸಲ ಅವರ ಹುಬ್ಬು ಗಂಟಾಗಿದ್ದು ನೋಡಿ ಸುಮ್ಮನಾದೆ. ಕಾಯಂ ಮಾಡುವವರ ಪಟ್ಟಿ ಆಗ ಅವರ ಮೇಜಿನ ಮೇಲಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಹೊರಗಿನ ಊರಿನ ದೊಡ್ಡ ವಿದ್ವಾಂಸರೊಬ್ಬರು ನಮ್ಮ ವಿಭಾಗ ನೋಡಲು ಬರುತ್ತಾರೆ ಎಂದು ಸುದ್ದಿಯಾಯಿತು. ಎಲ್ಲವನ್ನೂ ಶುಚಿ ಮಾಡಬೇಕಿತ್ತು. ಓಲೆಗರಿಗೆ ಹತ್ತಿಯಲ್ಲಿ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಒರೆಸುವುದು ಪದ್ಧತಿ. ಗರಿ ಮೆತ್ತಗಾಗುತ್ತದೆ, ಹುಳ ಬರುವುದಿಲ್ಲ. ಓಲೆಗರಿಯಲ್ಲಿ ಅಕ್ಷರ ಕೊರೆದಿರುತ್ತದಲ್ಲ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಮೂರು ದಿನ ಅದೇ ಕೆಲಸ. ಮೂರನೆಯ ದಿನ ಮಧ್ಯಾಹ್ನ ನನ್ನ ಮೇಜಿಗೆ ಈರಜ್ಜಿಯ ಕಡತ ಬಂತು. ಮಳೆಗಾಲದ ತೇವಕ್ಕೆ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು.

"ಸಾರ್, ಇದು ಬಳಪದ್ದು. ಎಣ್ಣೆ ಹಚ್ಚಿದ್ರೆ ಹೋಗಲ್ವಾ?" ಎಂದು ಕೇಳಿದೆ.

"ಬೂಷ್ಟು ಹಿಡಿದಿದೆ, ಕಾಣಿಸ್ತಿಲ್ವೇನಮ್ಮ? ಹಚ್ಚು."

ಮೊದಲ ಮಡಿಕೆಗೆ ಹಚ್ಚಿದೆ. ಕಪ್ಪು ಬಟ್ಟೆ ಕಾಡಿಗೆಯಂತೆ ಫಳಫಳ ಹೊಳೆಯಿತು. ಅಕ್ಷರ ಕಾಣಲಿಲ್ಲ. ಓಡಿ ಹೋಗಿ ತೋರಿಸಿದೆ. ಸಾಹೇಬರು ನಕ್ಕರು. "ಚಿಕ್ಕಂದಿನಲ್ಲಿ ಸ್ಲೇಟು ಹಿಡಿದಿಲ್ವಾ ನೀನು? ನೀರು ಬಿದ್ದರೆ ಅಕ್ಷರ ಮಾಯ, ಒಣಗಿದರೆ ಎದ್ದು ಬರುತ್ತೆ. ಇದೂ ಹಾಗೇ. ಪೂರ್ತಿ ಮಾಡಿ ಮುಗಿಸು."

ನೀರು ಬೇರೆ, ಎಣ್ಣೆ ಬೇರೆ. ಅಷ್ಟು ನನಗೆ ಗೊತ್ತಿರಲಿಲ್ಲ ಅಂತಲ್ಲ. ಎಣ್ಣೆ ಜಿಡ್ಡು ಬಿದ್ದ ಸ್ಲೇಟಿನ ಮೇಲೆ ಮತ್ತೆ ಬರೆಯಲೂ ಆಗುವುದಿಲ್ಲ ಎಂದು ಶಾಲೆಗೆ ಹೋದ ಮಗುವಿಗೂ ಗೊತ್ತು. ಆದರೂ ಹೋಗಿ ಕೂತೆ. ಹತ್ತಿ ಅದ್ದಿದೆ. ಎರಡನೇ ಮಡಿಕೆ, ಮೂರನೇ ಮಡಿಕೆ. ಒರೆಸಿದ ಹತ್ತಿ ಬೆಳ್ಳಗಾಗಿ ಬರುತ್ತಿತ್ತು. ಆ ಬಿಳಿ ಏನೆಂದು ನನಗೆ ತಿಳಿದಿತ್ತು. ಆದರೂ ನಿಲ್ಲಿಸಲಿಲ್ಲ. ಸಂಜೆ ಐದರ ಹೊತ್ತಿಗೆ ಕೊನೆಯ ಮಡಿಕೆಯೂ ಮುಗಿಯಿತು.

ಮಾರನೆಯ ದಿನವೂ ಒಣಗಲಿಲ್ಲ. ಒಂದು ವಾರ ಕಾದರೂ ಅಕ್ಷರ ಏಳಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲೊಂದು ಕೊಂಬು, ಇಲ್ಲೊಂದು ಒತ್ತು ಕಂಡ ಹಾಗಾಗುತ್ತಿತ್ತು, ಅಷ್ಟೆ. ಸಾಹೇಬರು ತಾವೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ರಿಜಿಸ್ಟರ್ ತರಿಸಿ ಆ ನಂಬರಿನ ಮುಂದೆ ಬರೆದರು: 'ಬರಹ ಮಸುಕಾಗಿದೆ, ಓದಲಾಗದು.' ಕೆಳಗೆ ನನ್ನ ಸಹಿ ಹಾಕಿಸಿದರು. ನಾನು ಹಾಕಿದೆ.

ವಿದ್ವಾಂಸರು ಬಂದರು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಕಡತದ ಮುಂದೆ ನಿಂತು ಲೊಚಗುಟ್ಟಿದರು. "ಛೆ, ಹಳ್ಳಿಯವರಿಗೆ ಇಂಥದ್ದರ ಬೆಲೆ ಎಲ್ಲಿ ಗೊತ್ತು? ಹೊಗೆಯಲ್ಲಿ ನೇತುಹಾಕಿ ಹಾಳು ಮಾಡಿಬಿಡ್ತಾರೆ" ಅಂದರು. "ಹೌದು ಸಾರ್, ನಾವು ಹೋಗೋ ಹೊತ್ತಿಗೆ ಈ ಸ್ಥಿತಿ" ಅಂದರು ಸಾಹೇಬರು. ನಾನು ಪಕ್ಕದಲ್ಲೇ ಕಾಫಿ ಲೋಟದ ತಟ್ಟೆ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಆದಿವಾಲದಿಂದ ಒಂದು ಕಾರ್ಡು ಬಂದಿತ್ತು. ಯಾರೋ ಬರೆದುಕೊಟ್ಟಿದ್ದು. 'ಅಮಾಸೆ ಹತ್ತಿರ ಬಂತು. ಅಜ್ಜಿ ದಾರಿ ನೋಡುತ್ತಾಳೆ.' ನಾನು ಉತ್ತರ ಬರೆಯಲಿಲ್ಲ. ಏನು ಬರೆಯಲಿ? ನಾಲ್ಕು ಸಲ ಕಾರ್ಡು ಎದುರಿಗೆ ಇಟ್ಟುಕೊಂಡು ಎದ್ದುಬಿಟ್ಟೆ.

ಅಮಾಸೆಗೆ ಐದು ದಿನ ಇದ್ದಾಗ ಅವರೇ ಬಂದರು. ಮುಂಜಾನೆ ಬಸ್ಸು ಹತ್ತಿ, ದಾರಿಯಲ್ಲಿ ಎರಡು ಕಡೆ ಬಸ್ಸು ಬದಲಾಯಿಸಿ, ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲ ಹತ್ತಿರ ನಿಂತಿದ್ದರು. ಈರಜ್ಜಿ ಒಗೆದ ಸೀರೆ ಉಟ್ಟು ಹೆಗಲಿಗೆ ಸಣ್ಣ ಕಂಬಳಿ ಹಾಕಿಕೊಂಡಿದ್ದಳು. ನನ್ನನ್ನು ಕಂಡಕೂಡಲೇ ಮುಖ ಅರಳಿಸಿ, "ಹುಷಾರಿಲ್ಲೇನೋ ಅಂದ್ಕಂಡೆ ಕಣವ್ವ. ಚೆಂದಾಗಿದೀಯಲ್ಲ, ಸಾಕು" ಅಂದಳು.

ಸಾಹೇಬರು ಅವರನ್ನು ಓದುವ ಕೋಣೆಗೆ ಕರೆಸಿ, ಕುರ್ಚಿ ತೋರಿಸಿದರು. ಈರಜ್ಜಿ ಕೂರಲಿಲ್ಲ. ನಾನು ಬೀರುವಿನಿಂದ ಕಡತ ತಂದು ಮೇಜಿನ ಮೇಲೆ ಇಟ್ಟೆ. "ನೀರು ಎಲ್ಲೈತವ್ವ?" ಎಂದು ಕೇಳಿ, ಹೊರಗಿನ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ತೆಗೆದಳು. ಒಂದು ಮಡಿಕೆ ತೆಗೆದಳು. ಇನ್ನೊಂದು. ಮತ್ತೊಂದು. ಓದು ಬಾರದವಳು, ಆದರೆ ಅರವತ್ತೇಳು ವರ್ಷ ನೋಡಿದ ಕಡತ ಅದು.

"ಅಕ್ಷರ ಎಲ್ಲವ್ವ?"

ನಾನು ಸಾಹೇಬರ ಕಡೆ ನೋಡಿದೆ. ಅವರು ಸಮಾಧಾನದ ದನಿಯಲ್ಲಿ, "ಹಳೇದಲ್ವಾ ಅಜ್ಜಿ. ನಿಮ್ಮ ಮನೇಲೇ ಹೊಗೆ ಹಿಡಿದು ಮಾಸಿತ್ತು. ಇಲ್ಲಿಗೆ ಬರೋ ಹೊತ್ತಿಗೆ ಏನೂ ಉಳಿದಿರಲಿಲ್ಲ" ಅಂದರು.

ಈರಜ್ಜಿ ನನ್ನ ಕಡೆ ತಿರುಗಿದಳು. "ಹೌದೇನವ್ವ?"

ಆ ಹೊತ್ತಿಗೆ ನನ್ನ ಮುಂದೆ ಎರಡು ಮಾತಿದ್ದವು. ಒಂದು ನಿಜ. ಅದನ್ನು ಹೇಳಿದ್ದರೆ ಕೆಲಸ ಹೋಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗುತ್ತದೆ ಎಂದು ಅಂದುಕೊಂಡೆ.

"ಹೌದಜ್ಜಿ" ಅಂದೆ.

"ಬ್ಯಾಸಿಗ್ಯಾಗೆ ನೀನೇ ಓದಿದ್ಯಲ್ಲವ್ವ" ಅಂದಳು. ಬೈದ ಹಾಗಿರಲಿಲ್ಲ. ನಾನು ಮರೆತಿರಬೇಕು ಎಂದು ನೆನಪು ಮಾಡಿಕೊಡುವ ಹಾಗಿತ್ತು.

ಕರಿಯಪ್ಪ ಬಗ್ಗಿ ಕಡತ ಮೂಸಿದ. ಬೆರಳಿಂದ ಮುಟ್ಟಿ ಬೆರಳು ನೋಡಿಕೊಂಡ. "ಎಣ್ಣೆ ಐತೆ. ಎಣ್ಣೆ ಹಚ್ಚೀರಿ ನೀವು. ಏನ್ ಸಾಹೇಬ್ರೆ, ಬಳಪದ ಬರಹಕ್ಕೆ ಯಾರಾನ ಎಣ್ಣೆ ಹಚ್ತಾರೇನ್ರಿ?" ಎಂದು ದನಿ ಎತ್ತಿದ. ಸಾಹೇಬರು ಅಟೆಂಡರನ್ನು ಕರೆದರು. ಓದುವವರು ತಲೆ ಎತ್ತಿ ನೋಡುತ್ತಿದ್ದರು.

"ಏ, ಸುಮ್ನಿರಲೇ" ಅಂದಳು ಈರಜ್ಜಿ. ಆಮೇಲೆ ಸಾಹೇಬರಿಗೆ, "ಹೋಗ್ಲಿ ಬಿಡ್ರಿ. ಹಂಗೇ ಕೊಟ್ಬಿಡ್ರಿ, ತಗಂಡು ಹೋಗ್ತೀವಿ. ನಮ್ಮಪ್ಪನ ಕೈ ಮುಟ್ಟಿದ್ದು" ಅಂದಳು.

"ರಿಜಿಸ್ಟರಿನಲ್ಲಿ ದಾನ ಅಂತ ಆಗಿದೆ. ಈಗ ಅದು ಸರ್ಕಾರದ ಸ್ವತ್ತು. ಕೊಡೋಕೆ ಬರಲ್ಲ" ಅಂದರು ಸಾಹೇಬರು.

ಈರಜ್ಜಿ ಕಡತವನ್ನು ಮೊದಲಿದ್ದ ಹಾಗೇ ಮಡಿಕೆ ತಪ್ಪದಂತೆ ಮಡಚಿಟ್ಟಳು. "ನಡಿಯಪ್ಪ, ಹೋಗಾಣ" ಅಂದಳು. ನಾನು ಬಾಗಿಲವರೆಗೆ ಹಿಂದೆ ಹೋದೆ. ಊಟ ಮಾಡಿಕೊಂಡು ಹೋಗಿ ಅಂದೆ. ನನ್ನ ಬಾಯಿಂದ ಬಂದದ್ದು ಅದು! ಅವಳು ತಿರುಗಿ ನೋಡಲಿಲ್ಲ. ಮೆಟ್ಟಿಲು ಇಳಿಯುವಾಗ ಮಗನ ತೋಳು ಹಿಡಿದಿದ್ದಳು. ಬೇಸಿಗೆಯಲ್ಲಿ ನೆಟ್ಟಗಿದ್ದ ಬೆನ್ನು ಆ ದಿನ ಬಾಗಿತ್ತು.

ಡಿಸೆಂಬರಿನಲ್ಲಿ ನನ್ನ ಕೆಲಸ ಕಾಯಂ ಆಯಿತು. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಒಂದೂವರೆ ವರ್ಷ ಕಳೆದ ಮೇಲೆ, 1976ರಲ್ಲಿ, ಹೊಳಲ್ಕೆರೆಗೆ ರಜೆಗೆ ಹೋದವಳು ಯಾರಿಗೂ ಹೇಳದೆ ಹಿರಿಯೂರು ಬಸ್ಸು ಹತ್ತಿ ಆದಿವಾಲಕ್ಕೆ ಹೋದೆ. ಕಾಲು ಹಿಡಿದು ನಿಜ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕರಿಯಪ್ಪ ರೊಪ್ಪದ ಬೇಲಿ ಕಟ್ಟುತ್ತಿದ್ದ. ನನ್ನನ್ನು ನೋಡಿ ಗುರುತು ಹಿಡಿದ. ಕಂಬಳಿ ಹಾಸಿ, "ಕುಂತ್ಕಳ್ರಿ" ಅಂದ. ಬಿಂದಿಗೆಯಿಂದ ನೀರು ಕೊಟ್ಟ.

"ಅಜ್ಜಿ ಎಲ್ಲಿ?"

"ಅವ್ವ ಹೋಗಿ ಒಂದು ವರ್ಸಾತು."

ನನಗೆ ಅಳು ಬಂತು. ಎಲ್ಲವನ್ನೂ ಹೇಳಿದೆ. ಎಣ್ಣೆ ಹಚ್ಚಿದ್ದು ನಾನೇ, ಹೋಗುತ್ತದೆ ಎಂದು ಗೊತ್ತಿದ್ದೂ ಹಚ್ಚಿದೆ, ಸಹಿ ಹಾಕಿದ್ದೂ ನಾನೇ. ಅವನು ಬೇಲಿಯ ಮುಳ್ಳು ಬಿಡಿಸುತ್ತಾ ಕೇಳಿಸಿಕೊಂಡ. ಆ ವರ್ಷ ಅಮಾಸೆಗೆ ಏನು ಮಾಡಿದಿರಿ ಎಂದು ಕೇಳಿದೆ.

"ಹಿನ್ನೀರಿಗೆ ಹೋದ್ವಿ. ಅವ್ವಗೆ ಗೊತ್ತಿದ್ದೋರ್ನ ಅವ್ವ ಕರೆದ್ಲು. ಆರು ಮನೆ ಆತು. ಆಮ್ಯಾಗೆ ನಿಂತೋತು. ಜನ ಎಲ್ಲ ತುತ್ತು ಕೈಯಾಗೆ ಹಿಡ್ಕಂಡು ನಿಂತವ್ರೆ, ಯಾರ ಹೆಸರಿಗೆ ಬಿಡಾದು? ಕೈಯಾಗೇ ಒಣಗಿದ್ವು. ಹೋದ ವರ್ಸ ಅವ್ವನೂ ಇರಲಿಲ್ಲ, ಯಾರೂ ಹೋಗಲಿಲ್ಲ."

"ನನ್ನನ್ನು ಕ್ಷಮಿಸಿ ಕರಿಯಪ್ಪಣ್ಣ" ಅಂದೆ.

ಅವನು ಮೊದಲ ಸಲ ನನ್ನ ಮುಖ ನೋಡಿದ. "ಕ್ಷಮಿಸಾಕೆ ನಾನ್ಯಾರ್ರಿ? ನೀವು ಅಳಿಸಿದ್ರಲ್ಲ, ಅವರನ್ನ ಕೇಳ್ರಿ. ಆದ್ರೆ ಏನಂತ ಕೂಗಿ ಕೇಳ್ತೀರಿ? ಹೆಸರೇ ಇಲ್ಲವಲ್ಲ" ಅಂದ. ಆಮೇಲೆ, "ಬಸ್ಸಿಗೆ ಹೊತ್ತಾತು, ಹೊರಡ್ರಿ" ಎಂದು ಮತ್ತೆ ಬೇಲಿ ಕಡೆ ತಿರುಗಿದ.

ಆ ಹಟ್ಟಿಗೆ ನಾನು ಮತ್ತೆ ಹೋಗಲಿಲ್ಲ.

ಸಾಹೇಬರು ನಿವೃತ್ತರಾದರು, ಹೋಗಿಯೂ ಬಿಟ್ಟರು. ಅವರ ಮೇಲೆ ಹೊರೆ ಹೊರಿಸಿ ಹಗುರಾಗೋಣ ಎಂದು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮುಂದೆ ನಾನೇ ಅದೇ ವಿಭಾಗದ ಮುಖ್ಯಸ್ಥೆಯಾದೆ. ಬೀರುವಿನ ಬೀಗದಕೈ, ರಿಜಿಸ್ಟರು ಎರಡೂ ವರ್ಷಗಟ್ಟಲೆ ನನ್ನ ವಶದಲ್ಲೇ ಇದ್ದವು. 'ಬರಹ ಮಸುಕಾಗಿದೆ' ಎಂಬ ಸಾಲನ್ನು ಹೊಡೆದು ನಿಜ ಬರೆಯಲು ಒಂದು ನಿಮಿಷ ಸಾಕಾಗಿತ್ತು. ಬರೆಯಲಿಲ್ಲ. ಕಡತವನ್ನು ವಾಪಸ್ ಕಳಿಸುವುದಕ್ಕೂ ಮನಸ್ಸಾಗಲಿಲ್ಲ. ಯಾಕೆ ಕಳಿಸುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಕಾರಣ ಹೇಳಬೇಕಾಗುತ್ತಿತ್ತು.

ಈಗ ನನಗೂ ನಿವೃತ್ತಿಯಾಗಿದೆ. ಹಸ್ತಪ್ರತಿ ಕಾಪಾಡುವುದು ಹೇಗೆ ಎಂದು ಹೊಸಬರಿಗೆ ಪಾಠ ಹೇಳಲು ಆಗಾಗ ಕರೆಯುತ್ತಾರೆ. ಶಾಲು ಹೊದಿಸುತ್ತಾರೆ. ಕಡತಕ್ಕೆ ಎಣ್ಣೆ ಸೋಕಿಸಬೇಡಿ ಎಂದು ಪ್ರತಿ ಸಲವೂ ಹೇಳುತ್ತೇನೆ. ಹೋದ ಸಲ ಒಬ್ಬ ಹುಡುಗಿ, ನಾನು ಕೆಲಸಕ್ಕೆ ಸೇರಿದಾಗಿನ ವಯಸ್ಸಿನವಳು, ನೋಟ್‌ಬುಕ್ ಹಿಡಿದು ಎದ್ದು ನಿಂತು ಕೇಳಿದಳು: "ಇದು ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಯಾವುದೋ ಪುಸ್ತಕದಲ್ಲಿ ಓದಿದ್ದೆನಮ್ಮ" ಅಂದೆ. ಅವಳು ಅದನ್ನೇ ಬರೆದುಕೊಂಡಳು.